ಸಕ್ಕರಿ ಹ್ವಾದ ಗುಟುಕು

ಗಾಳಿಗುಂಡಿ ಬಸವಣ್ಣನ ಕಟ್ಟಿ ಮ್ಯಾಲ ಕುಂತು
ಫ್ಲಾಸ್ಕಿನ ಮುಚ್ಚಳ ತಿರುವಿದ್ರ
ಮೊದಲ ಗಾಳಿ ಕುಡಿತೈತಿ, ಆಮ್ಯಾಲ ನಾವು.
ಉಗಿ ಅನ್ನೂದು ಇಲ್ಲಿ ಕಣ್ಣಿಗೆ ಬೀಳೂದ ಇಲ್ಲ.
ಎದುರು ನೆತ್ತಿ ಮ್ಯಾಲ ಬಿಳೀ ಫ್ಯಾನು
ಮೂರು ಕೈ ಬೀಸಿ ಯಾರನ್ನೋ ಕರೀತಾವ,
ಬಂದಾವರನ್ನ ಮಾತ್ರ ಗುರ್ತು ಹಿಡಿಯೂದಿಲ್ಲ.

ನಾನು ಫಕ್ಕೀರಪ್ಪ, ಬೆಟಗೇರಿ ಹಡಪದರಾಂವ.
ಅಪ್ಪ ಕತ್ತರಿ ಹಿಡದ, ನಾ ಚಾ ಸೋಸೂ ಜಾಳಗಿ ಹಿಡದೆ.
ಮೂವತ್ತೊಂದು ವರ್ಷ, ಮಗ್ಗದ ಸದ್ದಿನ ಓಣಿಯಾಗ
ನಸಕಿನ ಐದಕ್ಕ ಮೊದಲನೇ ಕುದಿ.
ನೇಕಾರರು, ಟ್ರಕ್ಕಿನವರು, ಪ್ರೆಸ್ಸಿನ ಮಸಿ ಮೆತ್ತಿದ ಹುಡುಗರು,
ಪುಡಿ ಎಲ್ಲಿಂದ ಬರ್ತೈತಂತ ಒಬ್ಬರೂ ಕೇಳಲಿಲ್ಲ.
ನನಗೂ ಅದು ಡಬ್ಬಿಯಿಂದನ ಬರ್ತಿತ್ತು.

ಹ್ವಾದ ವರ್ಷ ಕಂಪನಿಯವರು ಖಾಲಿ ಪಾಕೀಟು ಎಣಿಸಿ
ಒಂದು ಸೀಟು ಕೊಟ್ರು.
ಕೋಟಗಿರಿ, ಮೂರು ದಿನ, ಊಟ ಸಮೇತ.

ಕಿಡಕಿಯಾಗ ಮೊದಲನೇ ತ್ವಾಟ ಕಂಡಾಗ
ಬಾಜೂದವರು ಫೋಟೋ ಹೊಡದ್ರು. ನನಗ ನಗಿ ಬಂತು.
ಯಪ್ಪಾ, ಇಷ್ಟು ಗುಡ್ಡದ ತಲೀನ್ನೆಲ್ಲಾ
ಯಾರು ಕುಂದರ್ಸಿ ಕ್ರಾಪ್ ಮಾಡ್ಯಾರ!
ಕಿವಿ ಹಿಂದಿಂದು ಸೈತ ಬಿಟ್ಟಿಲ್ಲ,
ಕಾಲುದಾರಿ ಹಿಡದು ಬೈತಲಿ ತಗದಾರ.
ಅಪ್ಪ ಇದ್ದಿದ್ರ ಕೈ ಮುಗೀತಿದ್ದ,
ದೇವರಿಗಲ್ಲ, ಆ ಕತ್ತರಿಗೆ.

ಜಲಪಾತ ತೋರಿಸಿದ್ರು, ಹೆಸರು ಮರ್ತೇನಿ,
ಮಂಜು ಬಂದು ಅರ್ಧಕ್ಕರ್ಧ ನುಂಗಿತ್ತು.
ಹೆತ್ತೆಯಮ್ಮನ ಗುಡಿ ತೋರಿಸಿದ್ರು.
ಹೊರಗ ಬಿಳೀ ಅರಿವಿ ಹೊದ್ದ ಮುದುಕರು,
ಒಳಗ ದೇವಿ ಅಂದ್ರ ಅವರ ಅಜ್ಜಿ, ಅಷ್ಟ.
ಹೆತ್ತಾಕಿ ಅಂದ್ರ ಹೆತ್ತಾಕಿ,
ಅರ್ಥ ಕೇಳಾಕ ನಾ ಯಾರ ಕಡೆ ಹೋಗ್ಲಿ?
ಐದು ರೂಪಾಯಿ ಇಟ್ಟು, ನಮ್ಮಜ್ಜಿಗೂ ಸೇರ್ಲಿ ಅಂದೆ.

ತ್ವಾಟದಾಗ ಎಲಿ ಚಿವುಟಾಕಿ, ಮಾದಿ ಅಂತ ಹೆಸರು.
ಅಕಿ ಬಡಗ ಮಾತು, ಹಲ್ಲು ಬಿದ್ದ ಮ್ಯಾಲ
ನಮ್ಮಜ್ಜಿ ಆಡಿದ ಕನ್ನಡದಂಗ ಇತ್ತು.
ಅರ್ಧ ತಿಳೀತು, ಉಳಿದದ್ದು ಅಕಿ ಕೈ ಹೇಳ್ತು.
ಎರಡೆಲಿ ಒಂದು ಕುಡಿ ನನ್ನ ಅಂಗೈಗಿಟ್ಟಳು.
ತಿಕ್ಕಿ ಮೂಸಿದೆ.
ಹುಲ್ಲು. ಬರೇ ಹುಲ್ಲಿನ ವಾಸನಿ.
"ಇದರಾಗ ಚಾ ಎಲ್ಲೈತಬೇ?" ಅಂದೆ.
ಸೀಳಿ ಕಪ್ಪಾದ ಬೆರಳು ಎತ್ತಿ
ಕಣಿವಿ ಕೆಳಗಿನ ಫ್ಯಾಕ್ಟರಿ ಹೊಗಿ ತೋರಿಸಿದಳು.
ಆಮ್ಯಾಲ ತಾನೂ ಒಂದು ಕೇಳಿದಳು:
"ಕುಡಿಯಾವರು ಹೆಂಗಿರ್ತಾರ?"
ಬಸ್ಸಿನಾಂವ ಹಾರ್ನ್ ಹೊಡದ.

ಇವತ್ತು ಶ್ರಾವಣ ಸ್ವಾಮಾರ.
ಕಪ್ಪತ್ತ ಮಲ್ಲಯ್ಯನ ದರ್ಶನ ಮುಗಿಸಿ ಬಂದೇನಿ.
ಈ ಗುಡ್ಡಕ್ಕ ಯಾವ ಕತ್ತರೀನೂ ತಾಗಿಲ್ಲ,
ಕೆಮ್ಮಣ್ಣು ಮೈಗೆ ಬಳಕೊಂಡು
ಜಡಿ ಬಿಟ್ಟು ಮಕ್ಕೊಂಡೈತಿ.
ಬಾಜೂಕ ಡೋಣಿ ತಾಂಡಾದ ಸೋಮ್ಲವ್ವ
ಉಡಿಯಾಗಿನ ಒಂದೆಲಿ ತಗದು "ಅಗಿ" ಅಂದಳು.
ಮಧುನಾಶಿನಿ. ಸಕ್ಕರಿ ಬ್ಯಾನಿಯವರಿಗೆ ಮಾರತಾಳ.
ಅಗದೆ. ಮ್ಯಾಲ ಒಂದು ಗುಟುಕು ಚಾ ಹಾಕಿದೆ.

ಸಕ್ಕರಿ ಹ್ವಾತು.
ಮುಂಜಾನಿ ನಾನ ಹಾಕಿದ್ದೆ, ಕೈ ಬಿಟ್ಟ ಹಾಕಿದ್ದೆ,
ಎಲ್ಲಿ ಹ್ವಾತು?
ನಾಲಿಗಿ ಮ್ಯಾಲ ಎಲಿ ಒಂದ ಉಳೀತು,
ಒಗರು, ಒಂಚೂರು ಹೊಗಿ,
ಆಮ್ಯಾಲ ಯಾರದೋ ಸೀಳಿದ ಬೆರಳು.
ಮೂವತ್ತೊಂದು ವರ್ಷ ಮಂದೀಗೆ ಕೊಟ್ಟದ್ದು
ಇದನ್ನ ಅಲ್ಲಂತ ಗೊತ್ತಾಗಿ
ಇನ್ನೊಂದು ಗುಟುಕಿಗೆ ಧೈರ್ಯ ಸಾಲಲಿಲ್ಲ.
ಕುಡದೆ.

ಸೋಮ್ಲವ್ವ ತಾನು ಎಲಿ ಅಗೀಲಿಲ್ಲ.
ಮುಚ್ಚಳದಾಗಿಂದು ಸುರ್ರಂತ ಎಳದು
ಸೆರಗಿನ್ಲೆ ಬಾಯಿ ಒರಸ್ಕೊಂಡು,
"ಸಕ್ಕರಿ ಕಮ್ಮಿ ಆತಲೋ ಫಕ್ಕೀರಾ" ಅಂದಳು.

ಮಾದಿ, ಅವತ್ತ ಕೇಳಿದ್ದಿ.
ಹಿಂಗಿರ್ತಾರ ನೋಡವ್ವ.