ಎಡಗಾಲು

ನಿವೃತ್ತಿಯ ಮೊದಲ ಸುಖ ಯಾವುದೆಂದು ಕೇಳಿದರೆ
ನಾಚದೆ ಹೇಳುತ್ತೇನೆ: ಮೂತ್ರ.
ಮೂವತ್ತೊಂದು ವರ್ಷ ಜಾಗ್ರೆಬ್ಬಿನ ಈ ತುದಿಯಿಂದ ಆ ತುದಿಗೆ
ಹನ್ನೊಂದನೇ ನಂಬರಿನ ಟ್ರಾಮ್ ಓಡಿಸಿದವಳು,
ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿ
ತುದಿ ಬರುವವರೆಗೆ ಹಲ್ಲು ಕಚ್ಚಿದವಳು,
ಈಗ ಬೇಕೆನಿಸಿದಾಗ ಏಳುತ್ತೇನೆ.
ಬಾಗಿಲು ಹಾಕುವುದೂ ಇಲ್ಲ.

ಆಮೇಲೆ ನಿದ್ದೆ.
ಮೊದಲ ತಿಂಗಳು ಕೂಸಿನ ಹಾಗೆ ಮಲಗಿದೆ.
ರಕ್ತದೊತ್ತಡ ಇಳಿಯಿತು, ಸೊಂಟ ಸಡಿಲಾಯಿತು,
ಗಡ್ಡ ಸರಿಯಾಗಿ ಮೂಡದ ಡಾಕ್ಟರ್ ಪಾವ್ಲಿಚ್
ಚೀಟಿಯಲ್ಲಿ ಒಂದು ಮಾತ್ರೆಗೆ ಗೀಟೆಳೆದು
"ಶ್ಟೆಫಿಟ್ಸಾ ಅವರೇ, ನಿವೃತ್ತಿ ನಿಮಗೆ ಒಗ್ಗಿದೆ" ಎಂದ.

ಕಾಲಿಗೆ ಒಗ್ಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು:
ನನ್ನ ಟ್ರಾಮಿನಲ್ಲಿ ಎಡಗಾಲಡಿ ಒಂದು ಪೆಡಲ್ ಇತ್ತು.
ಒತ್ತಿಯೇ ಇರಬೇಕು. ಕಾಲೆತ್ತಿದರೆ
ಓಡಿಸುವವಳು ಸತ್ತಳೆಂದು ತಿಳಿದು ಗಾಡಿ ತಾನೇ ನಿಲ್ಲುತ್ತದೆ.
ಅಂದರೆ ಅಷ್ಟೂ ವರ್ಷ ನಾನು
ಇದ್ದೇನೆ, ಇದ್ದೇನೆ, ಇನ್ನೂ ಇದ್ದೇನೆ ಎಂದು
ಒಂದು ಕಬ್ಬಿಣದ ತುಂಡಿಗೆ ವರದಿ ಒಪ್ಪಿಸುತ್ತಿದ್ದೆ.
ಈಗ ಕೇಳುವವರಿಲ್ಲ.
ರಾತ್ರಿ ಮಂಚದ ಹಲಗೆಯನ್ನು ಪಾದ ಒತ್ತುತ್ತದೆ,
ಮೀನಖಂಡ ಗಂಟು ಕಟ್ಟುತ್ತದೆ, ಎದ್ದು ಕೂರುತ್ತೇನೆ.
ಮೂರೂ ಮುಕ್ಕಾಲು. ಡಿಪೋದ ಹೊತ್ತು.

ನಾಲ್ಕನೇ ತಿಂಗಳಿಗೆ ವಾರಗಳು ಕಲಸಿಹೋದವು.
ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ ಮುಖ.
ಮಾಡಲು ಏನಿಲ್ಲದೆ ತಿಂದೆ; ಎಂಟು ಕಿಲೋ.
ಸಕ್ಕರೆ ಬಂತು. ಗೀಟೆಳೆದ ಮಾತ್ರೆ
ತಂಗಿಯನ್ನೂ ಕರೆದುಕೊಂಡು ಮರಳಿತು.
ಸಂತೆಯಲ್ಲಿ ಎಲೆಕೋಸಿನವಳು "ಹೇಗಿದ್ದೀಯೇ?" ಎಂದಾಗ
ಗಂಟಲಿಂದ ಬರೀ ಕೀರಲು;
ಎರಡು ದಿನದಿಂದ ಯಾರ ಜೊತೆಗೂ ಮಾತಾಡಿರಲಿಲ್ಲ.

ಜ್ವೊಂಕೊನನ್ನು ಮಣ್ಣು ಮಾಡಿದ್ದೂ ಆಗಲೇ.
ಕೆಲಸ ಬಿಟ್ಟು ನಲವತ್ತು ದಿನ.
ಡಿಪೋದವರು ಟೋಪಿ ಕೈಯಲ್ಲಿ ಹಿಡಿದು ಪಿಸುಗುಟ್ಟಿದರು:
"ಕಾಲೆತ್ತಿದ. ನಿಂತಿತು."
ಪಾವ್ಲಿಚ್‌ಗೆ ಹೇಳಿದರೆ ತಲೆಯಾಡಿಸಿದ:
"ಬಿಟ್ಟದ್ದಕ್ಕೆ ಸತ್ತದ್ದಲ್ಲ ಅವರು. ಸಾಯುತ್ತಿದ್ದರು, ಅದಕ್ಕೇ ಬಿಟ್ಟರು."
ಇರಬಹುದು, ಓದಿದವನು.
ಆದರೂ ಅವತ್ತು ಗುಂಡಿಯ ಅಂಚಲ್ಲಿ
ನನ್ನ ಎಡಪಾದ ನೆಲವನ್ನು ಒತ್ತಿ ಹಿಡಿದಿತ್ತು.

ಈಗ ನಡೆಯುತ್ತೇನೆ. ಚೀಟಿಯಲ್ಲಿ ಹಾಗೆ ಬರೆದಿದೆ,
ದಿನಕ್ಕೆ ಮುಕ್ಕಾಲು ಗಂಟೆ. ಉದ್ಯಾನಕ್ಕೆ ಹೋಗಿ ಎಂದ;
ಉದ್ಯಾನದಲ್ಲಿ ಸುತ್ತಿದಷ್ಟೂ ದಾರಿ, ತುದಿಯೇ ಇಲ್ಲ.
ಹಳಿಯ ಪಕ್ಕದಲ್ಲೇ ಹೋಗುತ್ತೇನೆ, ಕ್ವಾತ್ರಿಚ್‌ನಿಂದ ಮಾಕ್ಸಿಮಿರ್‌ವರೆಗೆ,
ನಿಲ್ದಾಣ ಬಂದಲ್ಲೆಲ್ಲ ನಿಲ್ಲುತ್ತೇನೆ,
ಯಾರೂ ಹತ್ತುವುದಿಲ್ಲ.

ಹನ್ನೊಂದು ಬಂದರೆ ಒಳಗಿನ ಹುಡುಗಿ ಗಂಟೆ ಬಾರಿಸುತ್ತಾಳೆ.
ನಾನೇ ಕಲಿಸಿದವಳು, ತಿರುವಿನಲ್ಲಿ ಇವತ್ತಿಗೂ ಅವಸರ.
ಕೈಯೆತ್ತಿ "ನಿಧಾನ" ಎನ್ನುತ್ತೇನೆ.
ಮುಖ ನೋಡಿದರೇ ಗೊತ್ತಾಗುತ್ತದೆ,
ಕಾಫಿ ಪೂರ್ತಿ ಲೋಟ ಕುಡಿದಿದ್ದಾಳೆ,
ತುದಿ ಇನ್ನೂ ಏಳು ನಿಲ್ದಾಣ.