ನಲವತ್ತೈದು

ಇಪ್ಪತ್ತಾರು ವರ್ಷ ಬೇರಿನ ತುದಿ ಒತ್ತಿದ ಹೆಬ್ಬೆರಳು ಇದು.
ಉಗುರ ಸಂದಿಯ ಕಾರ್ಮೈನ್ ಕೆಂಪು
ಅಂಟುವಾಳಕ್ಕೂ ಹೋಗಲಿಲ್ಲ, ಮದುವೆಯ ಮದರಂಗಿಗೂ ಮುಚ್ಚಲಿಲ್ಲ.

ಚೆಟ್ಟಳ್ಳಿಯ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ ಎಣಿಸುವುದು.
ಬೆಳಿಗ್ಗೆ ಹತ್ತರೊಳಗೆ, ಕೋಶಗಳು ಒಡೆಯುವ ಹೊತ್ತಿಗೆ,
ಸಸಿಮಡಿಯಿಂದ ಎಳೆ ಬೇರು ಚಿವುಟಿ
ಆಮ್ಲದಲ್ಲಿ ಬಿಸಿ ಮಾಡಿ, ಬಣ್ಣ ಕುಡಿಸಿ,
ಗಾಜಿನ ಮೇಲಿಟ್ಟು ಒತ್ತುವುದು.
ಹೆಚ್ಚು ಒತ್ತಿದರೆ ಚೆಲ್ಲಾಪಿಲ್ಲಿ,
ಕಡಿಮೆಯಾದರೆ ಒಂದರ ಮೇಲೊಂದು ಮಲಗಿರುತ್ತವೆ.
ಒಂದು ರಾಗಿಕಾಳನ್ನು ಸಾವಿರ ಹೋಳು ಮಾಡಿದಷ್ಟು ಸಣ್ಣ.
ರೋಬಸ್ಟಾಕ್ಕೆ ಇಪ್ಪತ್ತೆರಡು. ಅರೇಬಿಕಾಕ್ಕೆ ನಲವತ್ತನಾಲ್ಕು.

ಬೇಲಿಯ ಮೂಲೆಯಲ್ಲಿ, ಕಿತ್ತಳೆ ಮರದ ಪಕ್ಕ,
ಯಾರೂ ನೆಡದ ಒಂದು ಗಿಡ:
ಎರಡೂ ಜಾತಿಗೆ ಜೇನು ಮಾಡಿಸಿದ ಮದುವೆಯದು.
ಮೂವತ್ತಮೂರು. ಮೂರು ಸಲ ಎಣಿಸಿದೆ.
ಹೂಮಳೆ ಬಿದ್ದ ಒಂಬತ್ತನೆಯ ದಿನ
ಎಲ್ಲದಕ್ಕಿಂತ ಬೆಳ್ಳಗೆ ಅದೇ ಅರಳುತ್ತದೆ.
ಕೊಯ್ಲಿಗೆ ನಾಲ್ಕು ಹಣ್ಣು; ನೀರಿಗೆ ಹಾಕಿದರೆ ನಾಲ್ಕೂ ತೇಲುತ್ತವೆ.
ಜೋಡಿ ಹಿಡಿದು ಬೇರಾಗುವ ಕುಣಿತದಲ್ಲಿ
ಮೂರನೆಯದು ಯಾವ ಕಡೆ ಹೋಗಬೇಕೆಂದು
ಯಾರೂ ಹೇಳಿಕೊಟ್ಟಿಲ್ಲ.
ನನ್ನ ತಮ್ಮ ಪಳಂಗಪ್ಪ ಅದಕ್ಕಿಟ್ಟ ಹೆಸರು: ಸುಮ್ಮನೆ ಹೂ.

ತಮ್ಮನಿಗೆ ಊರು ಇಟ್ಟ ಹೆಸರುಗಳನ್ನು ನಾನು ಬರೆಯುವುದಿಲ್ಲ.

ಕೆಲಸಕ್ಕೆ ಸೇರಿದ ಏಳನೆಯ ವರ್ಷ,
ಮೂರನೆಯ ಸಲ ನನ್ನ ಮಡಿಲು ಖಾಲಿಯಾದಾಗ,
ಡಾಕ್ಟರು ನನ್ನದೂ ತಮ್ಮನದೂ ರಕ್ತ ತೆಗೆದು ಮೈಸೂರಿಗೆ ಕಳಿಸಿದರು.
ಲಕೋಟೆ ಬಂತು. ಮೊದಲ ಬಾರಿಗೆ
ಬೇರೆ ಯಾರೋ ಎಣಿಸಿದ್ದರು, ನನ್ನನ್ನು.
ನಲವತ್ತೈದು.
ಹುಡುಗಿ ಹೊಸಬಳಿರಬೇಕು, ಜೋರಾಗಿ ಒತ್ತಿರಬೇಕು
ಅಂದುಕೊಂಡು ಫೋಟೋದ ಮೇಲೆ ಪೆನ್ಸಿಲ್ ಮೊನೆ ಇಟ್ಟು ಎಣಿಸಿದೆ.
ಒಂದೂ ಕಳೆದಿರಲಿಲ್ಲ. ಹದಿನಾಲ್ಕನೆಯದರ ತಲೆಯ ಮೇಲೆ
ಇಪ್ಪತ್ತೊಂದನೆಯದು ಕೂತಿತ್ತು,
ಭಾಗಮಂಡಲ ದಾಟಿದ ಕನ್ನಿಕೆಯ ಹಾಗೆ:
ನೀರು ಇದೆ, ಹೆಸರು ಮಾತ್ರ ಇಲ್ಲ.

ತಮ್ಮನದು ನಲವತ್ತಾರು.
ನಲವತ್ತಾರು! ಪುಸ್ತಕದಲ್ಲಿರುವಷ್ಟೇ,
ಶಾಲೆಯ ಬಾಗಿಲಿಂದ ಅವನನ್ನು ವಾಪಸು ಕಳಿಸಿದ
ಮೇಷ್ಟರಿಗಿದ್ದಷ್ಟೇ.
ಬಿಡಿಯಾಗಿ ಎರಡು ಇಪ್ಪತ್ತೊಂದು,
ಅದರ ಮೇಲೆ ಅಮ್ಮ ಕೊಟ್ಟ ಇದೇ ಜೋಡುಗಂಟು.
ಲೆಕ್ಕ ಸರಿಯಿರುವ ಅವನಿಗೆ ಒಂದು ಹೆಚ್ಚು,
ಒಂದು ಕಡಿಮೆಯಿರುವ ನಾನು ಸರಿ.
ಹಾಗಾದರೆ ದಿನಾ ಬೆಳಿಗ್ಗೆ ನಾನು ಎಣಿಸುತ್ತಿರುವುದು ಏನನ್ನು?

ನಮ್ಮಿಬ್ಬರ ನಡುವೆ ಬರಬೇಕಾಗಿದ್ದ ಇಬ್ಬರ ಮಾತನ್ನು
ಅಮ್ಮ ಒಮ್ಮೆ ಮಾತ್ರ ಆಡಿದ್ದಳು, ಬಾವಿಕಟ್ಟೆಯಲ್ಲಿ,
ಗುಳಿಗನ ಹರಕೆ ತಪ್ಪಿತ್ತು ಅಂತ.
ಹರಕೆಯದ್ದಲ್ಲ ಅಮ್ಮಾ ಎನ್ನೋಣವೆಂದರೆ
ಲಕೋಟೆ ಬರುವಷ್ಟರಲ್ಲಿ ಅವಳಿರಲಿಲ್ಲ.

ಒಕ್ಕಣೆಯಾಗಿ ಪತ್ತಾಯಕ್ಕೆ ಭತ್ತ ತುಂಬುವಾಗ
ಅಪ್ಪ ಮೊದಲ ಅಳತೆಗೆ ಒಂದು ಎನ್ನುತ್ತಿರಲಿಲ್ಲ.
ಲಾಭ, ಎರಡು, ಮೂರು...
ಕೊಳಗ ತಮ್ಮನ ಕೈಗೆ ಬಂತೆಂದರೆ
ಲಾಭ, ಲಾಭ, ಲಾಭ, ಲಾಭ,
ಎಷ್ಟಾಯಿತೆಂದು ತಿಳಿಯದೆ ಅಪ್ಪ ಬೈಯುತ್ತಾ
ಸುರಿದದ್ದನ್ನೆಲ್ಲ ತೆಗೆದು ಮತ್ತೆ ಅಳೆಯುತ್ತಿದ್ದ.

ಕಳೆದ ತಿಂಗಳು ನಿವೃತ್ತಿ. ಪೆಟ್ಟಿಗೆಯ ತಳದಲ್ಲಿದ್ದ ಲಕೋಟೆ
ನಿನ್ನೆ ಕೈಗೆ ಸಿಕ್ಕಿತು.
ಕಣದಲ್ಲಿ ಕಾಫಿ ಕಾಲಾಡಿಸುತ್ತಿದ್ದ ತಮ್ಮನನ್ನು ಕರೆದು
ಫೋಟೋ ಕೊಟ್ಟೆ. ಎಣಿಸು ಅಂದೆ.
ಅವನಿಗೂ ತಲೆ ನೆರೆತಿದೆ.
ಬೆರಳಿಗೆ ಉಗುಳು ಹಚ್ಚಿ ಶುರುಮಾಡಿದ:
ಲಾಭ. ಲಾಭ. ಲಾಭ.
ಅಂಟಿಕೊಂಡದ್ದರ ಮೇಲೆ ಬೆರಳು ನಿಂತಿತು.
ಬಹಳ ಹೊತ್ತು ಎತ್ತಲಿಲ್ಲ.
ಆಮೇಲೆ, ಅಕ್ಕಾ, ಕಾಫಿಗೆ ಬೆಲ್ಲ ಹಾಕಿದ್ದೀಯಾ, ಅಂದ.

ಹಾಕಿರಲಿಲ್ಲ. ಎದ್ದೆ.