ಫಾರ್ಮ್ ನಂಬರ್ ಇನ್ನೂರಾ ಹನ್ನೊಂದು

ಒಂದು ಫಾರ್ಮಿಗೆ ಆರು ರೂಪಾಯಿ.
ನಾಕನೂರಾ ಹದಿಮೂರು ಫಾರ್ಮು, ಎರಡು ಚೀಲ.
ಡಾಕ್ಟರ್ ಮೇಡಂ ಥೀಸಿಸ್ಸು:
ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಮದ್ಯಪಾನ, ಸಂಬಂಧಿತ ಅಂಶಗಳು.
ನಾನು ಎಮ್ಮೆಸ್ಸಿ ಸ್ಟ್ಯಾಟಿಸ್ಟಿಕ್ಸು,
ಟಿಳಕವಾಡಿ ಎರಡನೇ ಗೇಟಿನ ಬಾಜೂಕ ರೂಮು,
ರೈಲು ಹೋದಾಗೊಮ್ಮೆ ಕೀಬೋರ್ಡು ನಡಗತೈತಿ.

ಕುಡೀತೀರೇನು? ಹೌದು ಅಂದ್ರ ಒಂದು, ಇಲ್ಲ ಅಂದ್ರ ಸೊನ್ನಿ.
ಯಾರ ಜೋಡಿ? ಒಬ್ರ ಅಂದ್ರ ನಾಕು.
ಫೆಲೋಶಿಪ್ಪು ಎಷ್ಟು ತಿಂಗಳಿಂದ ಬಂದಿಲ್ಲ. ನಿದ್ದಿ. ಸಾಲ.
ಗೈಡ್ ಜೋಡಿ ಸಂಬಂಧ: ಛಲೋ, ನಡೀತೈತಿ, ಹೇಳಾಂಗಿಲ್ಲ.
ಒಬ್ಬಾಂವ ಎಲ್ಲಾ ಪ್ರಶ್ನಿಗೂ
‘ನಿಮ್ಮಪ್ಪನ್ನ ಕೇಳು’ ಅಂತ ಬರದಾನ.
ಅವಂದೂ ಹಾಕಬೇಕು. ತೊಂಬತ್ತೊಂಬತ್ತು: ಉತ್ತರ ಇಲ್ಲ.

ಇನ್ನೂರಾ ಹನ್ನೊಂದರಾಗ
ಯಾಕ ಕುಡೀತೀರಿ ಅನ್ನೂದಕ್ಕ ಕೊಟ್ಟ
ಐದೂ ಚೌಕ ಖಾಲಿ.
ಬಗಲಾಗ, ಮಾರ್ಜಿನ್ನಿನ್ಯಾಗ, ಪೆನ್ಸಿಲ್ಲಿಲೆ:
‘ಸಂಜೀ ಐದೂವರಿಂದ ಒಂಬತ್ತರ ಮಟ
ಏನ್ ಮಾಡಬೇಕೋ ತಿಳೀವಲ್ದು.
ಮದಲ ಆ ಹೊತ್ತಿಗೆ ಉಣತಿದ್ದೆ.’

ಆ ‘ಳ’.
ಬಾಲ ಮ್ಯಾಲೆ ತಿರುವಿ, ಮುಂದಿನ ಅಕ್ಷರದ ಹೆಗಲಮ್ಯಾಲೆ ಕೈ ಹಾಕಿದಂಗ.
ಬಿಎಸ್ಸಿ ಮೂರು ವರ್ಷ
ಆ ‘ಳ’ ಇದ್ದ ನೋಟ್ಸ್ ಓದೇ ನಾ ಪಾಸಾದದ್ದು.

ಜಿನ್ನಪ್ಪ. ಹೊತ್ತು ಮುಳುಗೂದ್ರಾಗ ಉಣ್ಣಾಂವ.
ಮೆಸ್ಸಿನ ಅಕ್ಕ ಅವನ ಸಲುವಾಗಿ
ಉಳ್ಳಾಗಡ್ಡಿ ಹಾಕೂಕಿಂತ ಮದಲ
ಒಂದು ಬಟ್ಟಲ ಪಲ್ಯ ತಗದಿಡತಿದ್ಲು.
ಹಾಸ್ಟೇಲ್ ಹುಡುಗ್ರು ಮದಲನೇ ವಾರನ ಹೆಸರು ತುಂಡು ಮಾಡಿ
‘ಏ ಜಿನ್, ಸೋಡಾ ಎಲ್ಲಿ?’ ಅಂದ್ರು.
ಅವನೂ ನಕ್ಕ.
ನಾನೂ ನಕ್ಕಿದ್ದೆ.

ಚೋರ್ಲಾ ಘಾಟ ಇಳದು ಹತ್ತೂ ಬಸ್ಸಿನ್ಯಾಗ
ಟವೆಲ್ಲಿನ್ಯಾಗ ಸುತ್ತಿ, ಅರಿವಿ ಬುಡಕ,
ಎಲ್ಲಾರೂ ತರತಾರ. ಅಗ್ಗ.
ಪಣಜಿ ಟ್ರಿಪ್ಪಿನ್ಯಾಗ ನಾನೂ ಎರಡು ಗುಟುಕು ಕುಡದಿದ್ದೆ,
ಕೆಮ್ಮು ಬಂತು, ಮುಗೀತು.
ನನಗ ಯಾಕ ಅಷ್ಟಕ್ಕ ಮುಗೀತು?
ಅದಕ್ಕೊಂದು ಕಾಲಮ್ ಇಲ್ಲ.

ಹೆಸರು ಬರೀಬ್ಯಾಡ್ರಿ ಅಂತ
ಮೇಡಂ ದಪ್ಪ ಅಕ್ಷರದಾಗ ಅಚ್ಚ ಹಾಕಿಸ್ಯಾರ.
ಗುರ್ತು ಹಿಡೀಬ್ಯಾಡ್ರಿ ಅಂತ ಎಲ್ಲೂ ಹಾಕಿಸಿಲ್ಲ.

ಫೋನ್ ಮಾಡಿ ಕೇಳಿದೆ:
ಮೇಡಂ, ಮಾರ್ಜಿನ್ನಿನ್ಯಾಗ ಬರದದ್ದು ಎಲ್ಲಿ ಹಾಕ್ಲಿ?
‘ಅದನ್ನ ಬಿಡವಾ, ಅನಾಲಿಸಿಸ್ಸಿಗೆ ಬರಾಂಗಿಲ್ಲ.’
ಆತ್ರಿ ಅಂದೆ. ಯಾರ ಜೋಡಿ: ನಾಕು ಒತ್ತಿದೆ.
ಎಂಟರ್.

ಗೇಟು ಬಿತ್ತು. ರಿಕ್ಷಾದವ್ರ ಮರಾಠಿ, ಹಾರ್ನು, ಸೈಕಲ್ ಗಂಟಿ.
ಐದೂ ಇಪ್ಪತ್ತು.
ಫೋನಿನ್ಯಾಗ ಅವನ ನಂಬರು ಇನ್ನೂ ‘ಜಿನ್’ ಅಂತನ ಐತಿ,
ಎರಡು ವರ್ಷ ಆತು ಒತ್ತಿಲ್ಲ.
ತಿದ್ದಿದೆ. ಉಳದ ಅರ್ಧಾ ಹೆಸರು ಕೂಡಿಸಿದೆ.
ಆಮ್ಯಾಲೆ ‘ಉಂಡೇನೋ?’ ಅಂತ ಬರದು
ಕಳಸಿದೆ,
ಕಳಸಿದ ಮ್ಯಾಲೆ ಕೈ ಎಲ್ಲಿ ಇಡಬೇಕೋ ತಿಳೀದ
ಮುಂದಿನ ಫಾರ್ಮ್ ತಗೊಂಡೆ.

ಇನ್ನೂ ಇನ್ನೂರಾ ಎರಡು ಅದಾವು.